ಸಹಿ ಬೀಳುವ ಮುಂಚೆ ಕೇಳಬೇಕಾದ ಲೆಕ್ಕ

2025ರ ಜನವರಿ 20. ಡೊನಾಲ್ಡ್ ಟ್ರಂಪ್ ಅಧಿಕಾರ ವಹಿಸಿಕೊಂಡ ದಿನವೇ ಅಮೆರಿಕದ ವಿದೇಶಿ ನೆರವನ್ನು 90 ದಿನ ತಡೆಹಿಡಿಯುವ ಆದೇಶಕ್ಕೆ ಸಹಿ ಹಾಕಿದರು. ವಿದೇಶಗಳಿಗೆ ನೆರವು ಹಂಚುವ ಅಮೆರಿಕದ ಸರ್ಕಾರಿ ಸಂಸ್ಥೆ ಯುಎಸ್‌ಏಡ್‌ನ ಶೇ 83ರಷ್ಟು ಕಾರ್ಯಕ್ರಮಗಳು ರದ್ದಾಗಿವೆ ಎಂದು ಮಾರ್ಚ್‌ನಲ್ಲಿ ವಿದೇಶಾಂಗ ಸಚಿವ ಮಾರ್ಕೊ ರೂಬಿಯೊ ಹೇಳಿದರು. 1961ರಿಂದ ನಡೆದುಬಂದಿದ್ದ ಆ ಸಂಸ್ಥೆ ಜುಲೈ 1ಕ್ಕೆ ಕೆಲಸ ನಿಲ್ಲಿಸಿತು. ಉಳಿದ ಅಷ್ಟಿಷ್ಟು ಕೆಲಸ ವಿದೇಶಾಂಗ ಇಲಾಖೆಯ ಪಾಲಾಯಿತು.

ಕೊಟ್ಟ ಕಾರಣ ಸರಳವಾಗಿತ್ತು. ತೆರಿಗೆ ಹಣ ಪೋಲಾಗುತ್ತಿದೆ, ಲೆಕ್ಕ ಕೊಡುವವರಿಲ್ಲ ಎಂದು. ಆದರೆ ನಡುವೆ ಇನ್ನೊಂದು ಸಂಗತಿ ನಡೆಯಿತು. ಫೆಬ್ರುವರಿ 10ರಂದು ಯುಎಸ್‌ಏಡ್‌ನ ಲೆಕ್ಕಪತ್ರ, ಅಕ್ರಮಗಳ ಮೇಲೆ ಕಣ್ಣಿಡುವ ಇನ್ಸ್‌ಪೆಕ್ಟರ್ ಜನರಲ್ ಕಚೇರಿ ಒಂದು ವರದಿ ಹೊರತಂದಿತು. ಸಿಬ್ಬಂದಿಯನ್ನು ಮನೆಗೆ ಕಳಿಸಿ, ಕೆಲಸ ತಡೆಹಿಡಿದದ್ದರಿಂದ, ಇನ್ನೂ ಖರ್ಚಾಗದೆ ಉಳಿದ 820 ಕೋಟಿ ಡಾಲರ್ ಮಾನವೀಯ ನೆರವಿನ ಮೇಲೆ ಕಣ್ಣಿಡುವುದೇ ಕಷ್ಟವಾಗಿದೆ ಎಂದು ಅದು ಎಚ್ಚರಿಸಿತು. ಮರುದಿನ ಇನ್ಸ್‌ಪೆಕ್ಟರ್ ಜನರಲ್ ಪಾಲ್ ಮಾರ್ಟಿನ್ ಅವರನ್ನು ಹುದ್ದೆಯಿಂದ ತೆಗೆಯಲಾಯಿತು.

ಗೊಂದಲ ಶುರುವಾಗುವುದು ಇಲ್ಲೇ. ಲೆಕ್ಕ ಸರಿಯಿಲ್ಲ ಅಂತ ಸಂಸ್ಥೆ ಮುಚ್ಚುವುದಾದರೆ, ಲೆಕ್ಕ ನೋಡುವವರನ್ನೇ ಯಾಕೆ ತೆಗೆಯಬೇಕು? ಹಾಗಾದರೆ ನೆರವಿನ ಹಣಕ್ಕೆ ನಿಜವಾಗಿ ಲೆಕ್ಕ ಕೇಳಬೇಕಾದವರು ಯಾರು? ಅಧ್ಯಕ್ಷರೋ, ಸಂಸತ್ತೋ, ಹಣ ಪಡೆದ ದೇಶದ ಜನರೋ?

ಇದು ಅಮೆರಿಕ ಒಂದರ ಕಥೆಯೂ ಅಲ್ಲ. ಶ್ರೀಮಂತ ದೇಶಗಳ ಕೂಟವಾದ ಒಇಸಿಡಿ ಲೆಕ್ಕದ ಪ್ರಕಾರ 2024ರಲ್ಲಿ ಅಧಿಕೃತ ಅಭಿವೃದ್ಧಿ ನೆರವು 21,210 ಕೋಟಿ ಡಾಲರ್. ಹಿಂದಿನ ವರ್ಷಕ್ಕಿಂತ ಶೇ 7.1ರಷ್ಟು ಕಡಿಮೆ. ಅಮೆರಿಕ, ಬ್ರಿಟನ್, ಜರ್ಮನಿ, ಫ್ರಾನ್ಸ್ ನಾಲ್ಕೂ ಒಂದೇ ವರ್ಷ ನೆರವು ಕಡಿಮೆ ಮಾಡಿದ್ದು ಸುಮಾರು 30 ವರ್ಷಗಳಲ್ಲಿ ಅದೇ ಮೊದಲು. ಹಣ ಕಡಿಮೆಯಾದಷ್ಟೂ ಅದು ಎಲ್ಲಿ ಹೋಯಿತು ಅನ್ನುವ ಪ್ರಶ್ನೆಯ ತೂಕ ಜಾಸ್ತಿಯಾಗುತ್ತದೆ.

ಎಲ್ಲಿ ಕೊಂಡಿ ಕಳಚಿದೆ

ಒಂದು ದೇಶದೊಳಗೆ ಲೆಕ್ಕ ಕೇಳುವ ದಾರಿ ನಮಗೆ ಗೊತ್ತಿದೆ. ಜನ ತೆರಿಗೆ ಕಟ್ಟುತ್ತಾರೆ. ಅದೇ ಜನ ರಸ್ತೆ, ಶಾಲೆ, ಆಸ್ಪತ್ರೆ ಬಳಸುತ್ತಾರೆ. ಸರಿಯಿಲ್ಲದಿದ್ದರೆ ಅವರೇ ಮತ ಹಾಕಿ ಸರ್ಕಾರ ಬದಲಿಸುತ್ತಾರೆ. ಹಣ ಕೊಟ್ಟವರು, ಅನುಭವಿಸುವವರು, ಮತ ಹಾಕುವವರು ಎಲ್ಲ ಒಬ್ಬರೇ.

ಅಂತರರಾಷ್ಟ್ರೀಯ ನೆರವಿನಲ್ಲಿ ಈ ಮೂವರೂ ಬೇರೆ ಬೇರೆ. ತೆರಿಗೆ ಕಟ್ಟುವವರು ಒಂದು ದೇಶದಲ್ಲಿದ್ದಾರೆ. ಕೊಳವೆಬಾವಿಯ ನೀರು ಕುಡಿಯಬೇಕಾದವರು ಇನ್ನೊಂದು ದೇಶದಲ್ಲಿದ್ದಾರೆ. ಬಾವಿ ಕೊರೆಯದಿದ್ದರೆ ಮೊದಲಿನವರಿಗೆ ಗೊತ್ತಾಗುವುದಿಲ್ಲ. ಎರಡನೆಯವರಿಗೆ ಗೊತ್ತಾದರೂ, ಹಣ ಕೊಟ್ಟ ಸರ್ಕಾರವನ್ನು ಬದಲಿಸುವ ಮತ ಅವರ ಕೈಯಲ್ಲಿಲ್ಲ. ನಡುವೆ ಸಚಿವಾಲಯಗಳು, ಗುತ್ತಿಗೆ ಕಂಪನಿಗಳು, ಸ್ವಯಂಸೇವಾ ಸಂಸ್ಥೆಗಳು, ಬ್ಯಾಂಕುಗಳು ಸಾಲಾಗಿ ನಿಂತಿವೆ. ಪ್ರತಿಯೊಬ್ಬರೂ ತಮಗೆ ಹಣ ಕೊಟ್ಟವರಿಗೆ ವರದಿ ಬರೆಯುತ್ತಾರೆ. ಹೀಗೆ ವರದಿ ಯಾವಾಗಲೂ ಮೇಲಕ್ಕೇ ಹೋಗುತ್ತದೆ. ಬಾವಿಯ ಹತ್ತಿರ ಇರುವವರಿಗೆ ಬರುವುದಿಲ್ಲ.

ಇದರ ಇನ್ನೊಂದು ಪರಿಣಾಮವೂ ಇದೆ. ದಾನಿ ದೇಶದ ಕಚೇರಿಯನ್ನು ತೃಪ್ತಿಪಡಿಸುವುದೇ ಮುಖ್ಯ ಅಂತಾದರೆ, ನೆರವು ಪಡೆಯುವ ದೇಶದ ಮಂತ್ರಿ ತನ್ನ ಸಂಸತ್ತಿಗೆ ಉತ್ತರ ಹೇಳುವುದು ಕ್ರಮೇಣ ತಪ್ಪಿಹೋಗುತ್ತದೆ. ನೆರವಿನ ದೊಡ್ಡ ಪಾಲು ಆ ದೇಶದ ಬಜೆಟ್ ಪುಸ್ತಕಕ್ಕೇ ಬರದೆ, ನೇರವಾಗಿ ಯೋಜನೆಗಳಿಗೆ ಹೋಗುವುದೂ ಇದೆ. ಬಜೆಟ್‌ನಲ್ಲಿ ಇಲ್ಲದ ಹಣದ ಬಗ್ಗೆ ಸಂಸದರು ಪ್ರಶ್ನೆ ಕೇಳುವುದಾದರೂ ಹೇಗೆ?

ಈ ದೋಷ ಯಾರಿಗೂ ಹೊಸದಲ್ಲ. 2005ರ ಪ್ಯಾರಿಸ್ ಘೋಷಣೆಯಲ್ಲಿ ದಾನಿ ದೇಶಗಳೂ ನೆರವು ಪಡೆಯುವ ದೇಶಗಳೂ ಪರಸ್ಪರ ಲೆಕ್ಕ ಕೊಡಬೇಕು, ಸಂಸತ್ತುಗಳ ಪಾತ್ರ ಹೆಚ್ಚಬೇಕು ಎಂದು ಒಪ್ಪಿಕೊಂಡವು. 2008ರಲ್ಲಿ ಅಕ್ರಾದಲ್ಲಿ, 2011ರಲ್ಲಿ ಬುಸಾನ್‌ನಲ್ಲಿ ಅದನ್ನೇ ಮತ್ತೆ ಹೇಳಿದವು. ಮಾತಿಗೇನೂ ಕೊರತೆ ಇರಲಿಲ್ಲ. ಆದರೆ ಪಾಲಿಸದಿದ್ದರೆ ಏನು ಎಂಬುದು ಯಾವ ಘೋಷಣೆಯಲ್ಲೂ ಇರಲಿಲ್ಲ.

ಮೊಜಾಂಬಿಕ್: ಸಂಸತ್ತನ್ನು ಬಿಟ್ಟು ಸಹಿ ಹಾಕಿದಾಗ

ಸಂಸತ್ತಿನ ಗಮನಕ್ಕೆ ಬಾರದೆ ಹಣ ಹರಿದರೆ ಏನಾಗುತ್ತದೆ ಎಂದು ತಿಳಿಯಲು ಮೊಜಾಂಬಿಕ್‌ನ ‘ಗುಪ್ತ ಸಾಲ’ದ ಪ್ರಕರಣವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

2013 ಮತ್ತು 2014ರಲ್ಲಿ ಮೂರು ಸರ್ಕಾರಿ ಕಂಪನಿಗಳು ಸ್ವಿಟ್ಜರ್ಲೆಂಡಿನ ಕ್ರೆಡಿಟ್ ಸ್ವೀಸ್ ಮತ್ತು ರಷ್ಯಾದ ವಿಟಿಬಿ ಬ್ಯಾಂಕುಗಳ ಮೂಲಕ 200 ಕೋಟಿ ಡಾಲರಿಗೂ ಜಾಸ್ತಿ ಸಾಲ ಎತ್ತಿದವು. ಟ್ಯೂನಾ ಮೀನುಗಾರಿಕೆ, ಕರಾವಳಿ ಕಾವಲು, ಹಡಗು ರಿಪೇರಿ ಅಂತ ಕಾರಣ ತೋರಿಸಲಾಗಿತ್ತು. ಸರ್ಕಾರ ಸಾಲಕ್ಕೆ ಜಾಮೀನು ನಿಂತಿತು. ಆ ಜಾಮೀನಿಗೆ ಸಂಸತ್ತಿನ ಒಪ್ಪಿಗೆ ಬೇಕಿತ್ತು. ಅದನ್ನು ಕೇಳಲೇ ಇಲ್ಲ. ಬಜೆಟ್ ಕಾನೂನು ಹಾಕಿದ್ದ ಮಿತಿಯನ್ನೂ ಮೀರಲಾಗಿತ್ತು.

2016ರಲ್ಲಿ ಈ ಸಾಲಗಳ ಪೂರ್ತಿ ಗಾತ್ರ ಹೊರಬಿತ್ತು. ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) ಹಣ ಕೊಡುವುದನ್ನು ನಿಲ್ಲಿಸಿತು. ಬಜೆಟ್‌ಗೆ ನೇರವಾಗಿ ನೆರವು ಕೊಡುತ್ತಿದ್ದ ದಾನಿ ದೇಶಗಳೂ ನಿಲ್ಲಿಸಿದವು. ದೇಶದ ಕರೆನ್ಸಿ ಮೆಟಿಕಲ್ ಕುಸಿಯಿತು, ಬೆಲೆ ಏರಿತು, ಸರ್ಕಾರದ ಖರ್ಚಿಗೆ ಕತ್ತರಿ ಬಿತ್ತು. ಸ್ವೀಡನ್ ದುಡ್ಡು ಕೊಟ್ಟು ಮಾಡಿಸಿದ ಆಡಿಟ್‌ನಲ್ಲಿ ಸುಮಾರು 50 ಕೋಟಿ ಡಾಲರ್ ಎಲ್ಲಿ ಹೋಯಿತು ಎನ್ನುವುದಕ್ಕೆ ಉತ್ತರವೇ ಸಿಗಲಿಲ್ಲ. ಸಾಲದ ಕಾಗದಕ್ಕೆ ಸಹಿ ಹಾಕಿದವರು ಕೆಲವೇ ಮಂದಿ. ಅದರ ಬೆಲೆ ತೆತ್ತವರು, ಅಂಥದ್ದೊಂದು ಸಾಲ ಇದೆ ಅಂತಲೇ ಗೊತ್ತಿಲ್ಲದ ಲಕ್ಷಾಂತರ ಬಡವರು.

ಇದರ ಮುಂದಿನ ಭಾಗ ಅಷ್ಟಾಗಿ ಪ್ರಚಾರಕ್ಕೆ ಬರಲಿಲ್ಲ. ನನಗೆ ಮುಖ್ಯವೆನಿಸುವುದು ಅದೇ. ಮೊಜಾಂಬಿಕ್ ಸಂವಿಧಾನದ ಪ್ರಕಾರ 2,000 ನಾಗರಿಕರು ಸಹಿ ಹಾಕಿದರೆ ಒಂದು ಕಾನೂನು ಅಥವಾ ಸರ್ಕಾರಿ ಕ್ರಮವನ್ನು ಸಾಂವಿಧಾನಿಕ ಮಂಡಳಿಯ ಮುಂದೆ ಪ್ರಶ್ನಿಸಬಹುದು. ಬಜೆಟ್ ಮೇಲೆ ಕಣ್ಣಿಟ್ಟ ನಾಗರಿಕ ಸಂಘಟನೆಗಳ ಒಕ್ಕೂಟ ಆ ಸಹಿಗಳನ್ನು ಸಂಗ್ರಹಿಸಿತು. 2019ರಲ್ಲಿ ಮೊದಲು ಮೀನುಗಾರಿಕೆ ಕಂಪನಿಯ ಸಾಲವನ್ನು, 2020ರಲ್ಲಿ ಉಳಿದೆರಡು ಸಾಲಗಳನ್ನು ಮಂಡಳಿ ಅಸಿಂಧು ಎಂದು ಹೇಳಿತು. ಮಾಜಿ ಹಣಕಾಸು ಸಚಿವ ಮಾನುಯೆಲ್ ಚಾಂಗ್ ಅವರಿಗೆ ನ್ಯೂಯಾರ್ಕ್ ನ್ಯಾಯಾಲಯ 2025ರ ಜನವರಿಯಲ್ಲಿ ಎಂಟೂವರೆ ವರ್ಷ ಜೈಲು ವಿಧಿಸಿತು.

ಆದರೆ ಈ ಎಲ್ಲ ಗೆಲುವುಗಳೂ ಹಾನಿಯಾದ ಮೇಲೆ ಬಂದವು. ಸಾಲಕ್ಕೆ ಸಹಿ ಬಿದ್ದದ್ದಕ್ಕೂ ಮಂಡಳಿಯ ಮೊದಲ ತೀರ್ಪಿಗೂ ನಡುವೆ ಆರು ವರ್ಷ ಕಳೆದಿತ್ತು. ಸಂಸತ್ತಿನ ಒಪ್ಪಿಗೆ ಇಲ್ಲದ ಜಾಮೀನು ಚಲಾವಣೆಗೇ ಬರುವುದಿಲ್ಲ ಎನ್ನುವ ನಿಯಮ ಬ್ಯಾಂಕುಗಳ ಕಡೆಯಿಂದಲೂ ಇದ್ದಿದ್ದರೆ, ಒಪ್ಪಿಗೆಯ ಕಾಗದ ತೋರಿಸಿ ಅಂತ ಸಾಲ ಕೊಡುವವರು ಒಂದು ಸಲ ಕೇಳಿದ್ದರೆ, ಇಷ್ಟೆಲ್ಲ ಆಗುತ್ತಿರಲಿಲ್ಲ.

ಎದುರು ಬದುರು ನಿಂತ ವಾದಗಳು

ಈ ವಿಷಯದಲ್ಲಿ ಮುಖ್ಯವಾಗಿ ಮೂರು ಬಗೆಯ ಮಾತು ಕೇಳಿಬರುತ್ತದೆ.

ಮೊದಲನೆಯದು, ದುಡ್ಡು ಸೋರುತ್ತಿದ್ದರೆ ನಲ್ಲಿ ಮುಚ್ಚಿ ಅನ್ನುವ ವಾದ. ಇದನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ಕಷ್ಟಪಟ್ಟು ತೆರಿಗೆ ಕಟ್ಟಿದವರಿಗೆ ಕೇಳುವ ಹಕ್ಕಿದೆ. ಆದರೆ ನಲ್ಲಿ ಮುಚ್ಚಿದಾಗ ಶಿಕ್ಷೆ ಯಾರಿಗೆ ಆಗುತ್ತದೆ ಎಂದು ನೋಡಬೇಕು. 2012ರಲ್ಲಿ ಉಗಾಂಡದ ಪ್ರಧಾನಿ ಕಚೇರಿಯಿಂದ, ಯುದ್ಧದಲ್ಲಿ ನಲುಗಿದ ಉತ್ತರ ಭಾಗಕ್ಕೆ ಮೀಸಲಾಗಿದ್ದ ನೆರವಿನ ಕೋಟ್ಯಂತರ ಹಣ ಕಾಣೆಯಾಯಿತು. ಅದನ್ನು ಪತ್ತೆಹಚ್ಚಿದ್ದು ಉಗಾಂಡದ್ದೇ ಆಡಿಟರ್ ಜನರಲ್. ಐರ್ಲೆಂಡ್ ಸೇರಿ ಹಲವು ದೇಶಗಳು ನೆರವು ನಿಲ್ಲಿಸಿದವು. ಉಗಾಂಡ ಸರ್ಕಾರ ಐರ್ಲೆಂಡ್‌ಗೆ 40 ಲಕ್ಷ ಯೂರೊ ಮರಳಿಸಿತು. ದಾನಿ ದೇಶದ ಖಜಾನೆಗೆ ನ್ಯಾಯ ಸಿಕ್ಕಿತು. ಹಣ ತಲುಪಬೇಕಿದ್ದ ಊರುಗಳಿಗೆ?

ಎರಡನೆಯದು, ನೆರವು ಪಡೆಯುವ ದೇಶಗಳ ವಾದ. ನಮ್ಮ ಆದ್ಯತೆ ನಾವು ನಿರ್ಧರಿಸುತ್ತೇವೆ, ಹೊರಗಿನವರು ಷರತ್ತು ಹಾಕಿ ಆಳಬಾರದು ಅನ್ನುತ್ತಾರೆ. ತತ್ವವಾಗಿ ಇದು ಸರಿಯೇ. ಆದರೆ ‘ನಾವು’ ಅಂದರೆ ಯಾರು? ಮಂತ್ರಿ ಮತ್ತು ಇಬ್ಬರು ಅಧಿಕಾರಿಗಳೋ, ಸಂಸತ್ತು ಮತ್ತು ಜನರೋ? ಮೊಜಾಂಬಿಕ್‌ನಲ್ಲಿ ದೇಶದ ಹೆಸರಲ್ಲಿ ಸಹಿ ಹಾಕಿದವರು ದೇಶಕ್ಕೆ ಹೇಳಿರಲಿಲ್ಲ.

ಮೂರನೆಯದು, ಕೆಲಸ ಮಾಡುವ ಸಂಸ್ಥೆಗಳದ್ದು. ಕಾಗದಪತ್ರ ಜಾಸ್ತಿಯಾಗಿ ಕೆಲಸಕ್ಕೆ ಸಮಯವೇ ಇಲ್ಲ ಎಂಬ ದೂರು. ಇದರಲ್ಲೂ ಸತ್ಯವಿದೆ. ಸಣ್ಣ ಸ್ಥಳೀಯ ಸಂಸ್ಥೆಗಳು ವರದಿಯ ಭಾರಕ್ಕೇ ಸೋತು, ದೊಡ್ಡ ವಿದೇಶಿ ಗುತ್ತಿಗೆದಾರರಿಗೆ ಜಾಗ ಬಿಟ್ಟುಕೊಡುತ್ತವೆ. ರಸೀದಿಗಳೆಲ್ಲ ಸರಿಯಾಗಿದ್ದೂ ಯೋಜನೆ ಯಾರಿಗೂ ಉಪಯೋಗವಾಗದೆ ಹೋಗಬಹುದು.

ಈ ಮೂರೂ ವಾದಗಳು ಎಷ್ಟು ಲೆಕ್ಕ ಬೇಕು ಅನ್ನುವುದರ ಬಗ್ಗೆಯೇ ಜಗಳವಾಡುತ್ತವೆ. ಯಾರಿಗೆ ಮತ್ತು ಯಾವಾಗ ಎನ್ನುವುದೇ ನಿಜವಾದ ಪ್ರಶ್ನೆ ಅಂತ ನನಗನಿಸುತ್ತದೆ. ಹಣ ಕೈಬಿಡುವ ಮುಂಚೆ, ಎರಡೂ ದೇಶಗಳ ಸಂಸತ್ತುಗಳಿಗೆ ಮತ್ತು ಹಣ ತಲುಪಬೇಕಾದ ಜನರಿಗೆ ಕಾಗದ ಸಿಗಬೇಕು.

ಕೊಡುವ ದೇಶದ ಸಂಸದರು ಏನು ಮಾಡಬಹುದು

ಇಲ್ಲಿ ಬ್ರಿಟನ್‌ನ ಅನುಭವದಿಂದ ಕಲಿಯುವುದು ತುಂಬ ಇದೆ. ಮಲೇಷ್ಯಾದ ಪೆರ್ಗಾವು ಅಣೆಕಟ್ಟಿಗೆ ಬ್ರಿಟನ್ 23.4 ಕೋಟಿ ಪೌಂಡ್ ನೆರವು ಕೊಟ್ಟಿತ್ತು. ಈ ಯೋಜನೆ ಲಾಭದಾಯಕವಲ್ಲ ಎಂದು ನೆರವಿನ ಇಲಾಖೆಯ ಹಿರಿಯ ಅಧಿಕಾರಿಯೇ ಲಿಖಿತವಾಗಿ ಆಕ್ಷೇಪಿಸಿದ್ದರು. 1993ರಲ್ಲಿ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿಯ ವರದಿ ಬಂತು. ನಂತರ ಸಂಸದೀಯ ಸಮಿತಿಗಳ ವಿಚಾರಣೆಯಲ್ಲಿ, ಮಲೇಷ್ಯಾಕ್ಕೆ ಶಸ್ತ್ರಾಸ್ತ್ರ ಮಾರುವ ಮಾತುಕತೆಗೂ ಈ ನೆರವಿಗೂ ಇದ್ದ ನಂಟು ಬಯಲಾಯಿತು. ಒಂದು ನಾಗರಿಕ ಸಂಘಟನೆ ಹೈಕೋರ್ಟಿಗೆ ಹೋಯಿತು. 1994ರಲ್ಲಿ ಕೋರ್ಟು ಆ ನೆರವು ಕಾನೂನುಬಾಹಿರ ಎಂದಿತು. ಮುಂದೆ 2002ರ ಕಾನೂನು, ನೆರವಿನ ಉದ್ದೇಶ ಬಡತನ ತಗ್ಗಿಸುವುದೇ ಆಗಿರಬೇಕು ಎಂದು ಬರೆದಿಟ್ಟಿತು.

ಒಬ್ಬ ಅಧಿಕಾರಿಯ ಆಕ್ಷೇಪ, ಆಡಿಟರ್ ವರದಿ, ಸಂಸದರ ವಿಚಾರಣೆ, ನಾಗರಿಕರ ಮೊಕದ್ದಮೆ ನಾಲ್ಕೂ ಒಂದರ ಹಿಂದೆ ಒಂದು ಸೇರಿದ್ದರಿಂದಲೇ ಇದು ಸಾಧ್ಯವಾಯಿತು. ಒಂದು ತಪ್ಪಿದ್ದರೂ ಮುಂದಿನದು ಆಗುತ್ತಿರಲಿಲ್ಲ. ಅದಕ್ಕೇ ಇನ್ಸ್‌ಪೆಕ್ಟರ್ ಜನರಲ್ ಹುದ್ದೆ ಖಾಲಿಯಾಗುವುದನ್ನು ಸಣ್ಣ ಆಡಳಿತಾತ್ಮಕ ಬದಲಾವಣೆ ಅಂತ ನೋಡಲಾಗದು. ಆಡಿಟರ್ ಬಾಯಿ ಮುಚ್ಚಿದರೆ ಸಂಸದರಿಗೆ ಕೇಳಲು ಪ್ರಶ್ನೆಯೇ ಇರುವುದಿಲ್ಲ.

ಆದರೆ ಕಾನೂನು ಬರೆದುಬಿಟ್ಟರೆ ಸಾಲದು. ರಾಷ್ಟ್ರೀಯ ಆದಾಯದ ಶೇ 0.7ರಷ್ಟನ್ನು ನೆರವಿಗೆ ಕೊಡಬೇಕೆಂಬ ಗುರಿ 1970ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಇಟ್ಟದ್ದು. ಬ್ರಿಟನ್ 2015ರಲ್ಲಿ ಅದನ್ನು ಕಾನೂನನ್ನಾಗಿಯೇ ಮಾಡಿತು. ಗುರಿ ತಪ್ಪಿದರೆ ಸಚಿವರು ಸಂಸತ್ತಿಗೆ ಕಾರಣ ಹೇಳಿಕೆ ಕೊಟ್ಟರೆ ಸಾಕು, ಕೋರ್ಟಿಗೆ ಹೋಗುವಂತಿಲ್ಲ ಎಂದೂ ಅದೇ ಕಾನೂನಿನಲ್ಲಿತ್ತು. ಈ ಒಂದು ಸಂದಿ ಸಾಕಾಯಿತು. 2021ರಲ್ಲಿ ಪ್ರಮಾಣ ಶೇ 0.5ಕ್ಕೆ ಇಳಿಯಿತು. ಅದಕ್ಕೆ ಸಂಸತ್ತು 298ಕ್ಕೆ 333 ಮತಗಳ ಒಪ್ಪಿಗೆ ಕೊಟ್ಟಿತು. 2027ರ ಹೊತ್ತಿಗೆ ಶೇ 0.3ಕ್ಕೆ ಇಳಿಸುವುದಾಗಿ 2025ರ ಫೆಬ್ರುವರಿಯಲ್ಲಿ ಪ್ರಧಾನಿ ಕಿಯರ್ ಸ್ಟಾರ್ಮರ್ ಪ್ರಕಟಿಸಿದರು.

ಇನ್ನೊಂದು ಕಣ್ಣಿಗೆ ಬೀಳದ ಸಂಗತಿ ಇದೆ. ನಿರಾಶ್ರಿತರಾಗಿ ಬಂದವರಿಗೆ ಮೊದಲ ವರ್ಷ ತನ್ನ ದೇಶದೊಳಗೇ ಮಾಡಿದ ಖರ್ಚನ್ನೂ ನೆರವಿನ ಲೆಕ್ಕಕ್ಕೆ ಸೇರಿಸಲು ಒಇಸಿಡಿ ನಿಯಮ ಬಿಡುತ್ತದೆ. 2022ರಲ್ಲಿ ಬ್ರಿಟನ್‌ನ ನೆರವಿನಲ್ಲಿ ಸುಮಾರು 370 ಕೋಟಿ ಪೌಂಡ್, ಅಂದರೆ ಶೇ 29ರಷ್ಟು, ಹೀಗೆ ಬ್ರಿಟನ್ನಿನಲ್ಲೇ ಖರ್ಚಾಯಿತು. ನಿರಾಶ್ರಿತರನ್ನು ನೋಡಿಕೊಳ್ಳಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ದೂರದ ಬಡ ದೇಶಗಳಿಗೆ ಎಂದು ಮೀಸಲಿಟ್ಟ ಹಣದಿಂದ ಅದು ಹೋಗುತ್ತಿದೆ ಎನ್ನುವುದು ಸಂಸದರಿಗೂ ಜನರಿಗೂ ಗೊತ್ತಿರಬೇಕಲ್ವಾ? ಒಟ್ಟು ಮೊತ್ತ ನೋಡಿ ಸಮಾಧಾನಪಡುವ ಸಂಸದರಿಗೆ ಇದು ಕಾಣುವುದೇ ಇಲ್ಲ.

ಅಮೆರಿಕದಲ್ಲಿ ಪ್ರಶ್ನೆ ಇನ್ನೂ ಮೂಲದ್ದು. ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಮಂಜೂರು ಮಾಡಿದ ಹಣವನ್ನು ಅಧ್ಯಕ್ಷರು ತಮ್ಮಿಷ್ಟದಂತೆ ತಡೆಹಿಡಿಯದಿರಲಿ ಎಂದೇ 1974ರಲ್ಲಿ ಕಾನೂನು ಬಂದಿತ್ತು. 2025ರ ಆಗಸ್ಟ್ ಕೊನೆಯಲ್ಲಿ, ಆರ್ಥಿಕ ವರ್ಷ ಮುಗಿಯಲು ಒಂದು ತಿಂಗಳು ಇರುವಾಗ, ಸರ್ಕಾರ 490 ಕೋಟಿ ಡಾಲರ್ ವಿದೇಶಿ ನೆರವು ರದ್ದು ಮಾಡುವ ಪ್ರಸ್ತಾಪ ಕಳಿಸಿತು. ಕಾಂಗ್ರೆಸ್ ಒಪ್ಪದಿದ್ದರೂ, ಗಡುವು ಮುಗಿದರೆ ಹಣ ತಾನಾಗಿಯೇ ಬಿದ್ದುಹೋಗುತ್ತದೆ. ಸೆಪ್ಟೆಂಬರ್ 26ರಂದು ಸುಪ್ರೀಂ ಕೋರ್ಟ್ ಸದ್ಯಕ್ಕೆ ಹಣ ತಡೆಹಿಡಿಯಲು ಬಿಟ್ಟಿತು. ಇದೇ ರೂಢಿಯಾದರೆ ಸಂಸದರು ಪಾಸು ಮಾಡಿದ ಬಜೆಟ್ ಒಂದು ಸಲಹೆಯಷ್ಟೇ ಆಗಿಬಿಡುವ ಅಪಾಯವಿದೆ.

ದೂರು ಕೊಡಲು ಒಂದು ಬಾಗಿಲು

ಹಣ ತಲುಪಿದ ಕಡೆಯ ಜನರಿಗೆ ಮತವಿಲ್ಲ ಎಂದೆ. ಅವರಿಗೆ ಬೇರೆ ದಾರಿ ಹೇಗೆ ಸಿಕ್ಕಿತು ಎನ್ನುವುದಕ್ಕೆ ನರ್ಮದಾ ಕಣಿವೆಯ ಕಥೆ ಓದಬೇಕು.

ಸರ್ದಾರ್ ಸರೋವರ ಯೋಜನೆಗೆ ವಿಶ್ವಬ್ಯಾಂಕ್ 1985ರಲ್ಲಿ 45 ಕೋಟಿ ಡಾಲರ್ ಒಪ್ಪಿಕೊಂಡಿತ್ತು. ಮುಳುಗಡೆಯಾಗುವ ಹಳ್ಳಿಗಳ ಜನ ಹೋರಾಟಕ್ಕಿಳಿದರು. 1989ರಲ್ಲಿ ಮೇಧಾ ಪಾಟ್ಕರ್ ಮತ್ತು ಸಂಗಾತಿಗಳು ಅಮೆರಿಕ ಕಾಂಗ್ರೆಸ್‌ನ ಉಪಸಮಿತಿಯೊಂದರ ಮುಂದೆ ಸಾಕ್ಷಿ ಹೇಳಿದರು. ವಿಶ್ವಬ್ಯಾಂಕಿಗೆ ಹೆಚ್ಚು ಹಣ ಕೊಡುವ ದೇಶದ ಸಂಸದರಿಗೆ, ಆ ಹಣದಿಂದ ಮನೆ ಕಳೆದುಕೊಳ್ಳುವವರ ಮಾತು ನೇರವಾಗಿ ತಲುಪಿತು. ವಿಶ್ವಬ್ಯಾಂಕೇ ನೇಮಿಸಿದ್ದ ಮೋರ್ಸ್ ಆಯೋಗದ 1992ರ ವರದಿ ಯೋಜನೆಯಲ್ಲಿ ಬ್ಯಾಂಕಿನ ನಿಯಮಗಳನ್ನೇ ಪಾಲಿಸಿಲ್ಲ ಎಂದಿತು. 1993ರ ಮಾರ್ಚ್‌ನಲ್ಲಿ ಭಾರತ ಉಳಿದ ಸಾಲ ಬೇಡವೆಂದಿತು. ದೂರು ಕೇಳುವ ಸ್ವತಂತ್ರ ವ್ಯವಸ್ಥೆ ಮಾಡದಿದ್ದರೆ ಬ್ಯಾಂಕಿಗೆ ಹಣ ಕೊಡುವುದಿಲ್ಲ ಎಂದು ಅಮೆರಿಕದ ಸಂಸದರು ಪಟ್ಟು ಹಿಡಿದರು. ಅದೇ ವರ್ಷ ವಿಶ್ವಬ್ಯಾಂಕಿನ ಇನ್‌ಸ್ಪೆಕ್ಷನ್ ಪ್ಯಾನೆಲ್ ಹುಟ್ಟಿತು. ಯೋಜನೆಯಿಂದ ತೊಂದರೆಯಾದ ಇಬ್ಬರು ಸೇರಿದರೂ ಅಲ್ಲಿ ದೂರು ಕೊಡಬಹುದು. ಮೊದಲ ದೂರು ನೇಪಾಳದ ಅರುಣ್-3 ಜಲವಿದ್ಯುತ್ ಯೋಜನೆಯದು. 1995ರಲ್ಲಿ ಬ್ಯಾಂಕ್ ಅದರಿಂದ ಹಿಂದೆ ಸರಿಯಿತು.

ನರ್ಮದೆಯ ಅಣೆಕಟ್ಟು ಮಾತ್ರ ನಿಲ್ಲಲಿಲ್ಲ. ಭಾರತ ತನ್ನ ಹಣದಲ್ಲೇ ಅದನ್ನು ಕಟ್ಟಿತು. ಹೋರಾಡಿದವರ ಹಳ್ಳಿಗಳು ಮುಳುಗಿದವು. ಅವರು ತೆರೆಸಿದ ಬಾಗಿಲು ಬೇರೆ ದೇಶಗಳ ಜನರಿಗೆ ಉಪಯೋಗವಾಯಿತು. ಇದನ್ನು ಮರೆಯಬಾರದು.

ಪ್ಯಾನೆಲ್‌ಗೂ ಮಿತಿ ಇದೆ. ಅದು ತನಿಖೆ ಮಾಡಿ ಬ್ಯಾಂಕಿನ ಆಡಳಿತ ಮಂಡಳಿಗೆ ವರದಿ ಕೊಡುತ್ತದೆ, ಪರಿಹಾರ ಕೊಡಿಸುವ ಅಧಿಕಾರ ಅದಕ್ಕಿಲ್ಲ. ಖಾಸಗಿ ಕಂಪನಿಗಳಿಗೆ ಸಾಲ ಕೊಡುವ, ವಿಶ್ವಬ್ಯಾಂಕ್ ಗುಂಪಿನದೇ ಸಂಸ್ಥೆ ಐಎಫ್‌ಸಿ ಸಾಲ ಕೊಟ್ಟ ವಿದ್ಯುತ್ ಸ್ಥಾವರದಿಂದ ಬದುಕು ಹಾಳಾಯಿತು ಎಂದು ಗುಜರಾತಿನ ಮೀನುಗಾರರು ಅಮೆರಿಕದ ಕೋರ್ಟಿಗೆ ಹೋದರು. ಇಂಥ ಸಂಸ್ಥೆಗಳಿಗೆ ಮೊಕದ್ದಮೆಗಳಿಂದ ಸಂಪೂರ್ಣ ರಕ್ಷಣೆ ಇಲ್ಲ ಎಂದು 2019ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಆದರೂ ಕೆಳಗಿನ ಕೋರ್ಟುಗಳು ಮೊಕದ್ದಮೆಯನ್ನು ಮುಂದುವರಿಸಲು ಬಿಡಲಿಲ್ಲ. ತತ್ವದಲ್ಲಿ ಗೆದ್ದವರಿಗೆ ಪರಿಹಾರ ಸಿಗಲಿಲ್ಲ.

ಶಾಲೆಯ ಗೋಡೆಗೆ ಅಂಟಿಸಿದ ಚೀಟಿ

ಮಾಹಿತಿ ಬಹಿರಂಗವಾದರೆ ಸಾಕು, ಉಳಿದದ್ದು ತಾನಾಗಿ ಆಗುತ್ತದೆ ಅನ್ನುವವರಿದ್ದಾರೆ. ಅವರು ಉಗಾಂಡದ ಉದಾಹರಣೆ ಕೊಡುತ್ತಾರೆ. 1991ರಿಂದ 1995ರವರೆಗೆ ಪ್ರಾಥಮಿಕ ಶಾಲೆಗಳಿಗೆ ಸರ್ಕಾರ ವಿದ್ಯಾರ್ಥಿಗಳ ತಲೆ ಲೆಕ್ಕದಲ್ಲಿ ಕಳಿಸಿದ ಅನುದಾನದಲ್ಲಿ ಸರಾಸರಿ ಶೇ 13ರಷ್ಟು ಮಾತ್ರ ಶಾಲೆ ತಲುಪಿತ್ತು. ನಂತರ ಪ್ರತಿ ತಿಂಗಳು ಎಷ್ಟು ಹಣ ಬಿಡುಗಡೆಯಾಯಿತು ಎಂದು ಪತ್ರಿಕೆಯಲ್ಲಿ ಪ್ರಕಟಿಸತೊಡಗಿದರು. ಶಾಲೆಯ ಗೋಡೆಯ ಮೇಲೂ ಅಂಟಿಸಿದರು. 2001ರ ಹೊತ್ತಿಗೆ ಶೇ 80ರಷ್ಟು ತಲುಪುತ್ತಿತ್ತು.

ಅದೇ ಸಮಯದಲ್ಲಿ ಅಲ್ಲಿ ಇನ್ನೂ ಹಲವು ಸುಧಾರಣೆಗಳು ನಡೆದಿದ್ದವು, ಪತ್ರಿಕೆಗೇ ಎಲ್ಲ ಶ್ರೇಯ ಕೊಡಬಾರದು ಎಂಬ ಆಕ್ಷೇಪವೂ ಬಂತು. ಅದು ಸರಿಯಾದ ಆಕ್ಷೇಪ. ಗೋಡೆಯ ಚೀಟಿ ಓದಿದ ತಂದೆತಾಯಿಗೆ ಎಲ್ಲಿ ಹೋಗಿ ಕೇಳಬೇಕು ಎಂದು ಗೊತ್ತಿತ್ತು. ಕೇಳಿದರೆ ಮೇಲಿನವರು ಕ್ರಮ ಕೈಗೊಳ್ಳುವ ಸ್ಥಿತಿಯೂ ಇತ್ತು. ಮಾಹಿತಿಯ ಹಿಂದೆ ಅಧಿಕಾರ ಇದ್ದದ್ದರಿಂದ ಅದು ಕೆಲಸ ಮಾಡಿತು.

2008ರಲ್ಲಿ ಶುರುವಾದ ಅಂತರರಾಷ್ಟ್ರೀಯ ನೆರವು ಪಾರದರ್ಶಕತೆ ಉಪಕ್ರಮ, ಐಎಟಿಐ, ಇಂದು ಸಾವಿರಕ್ಕೂ ಹೆಚ್ಚು ಸಂಸ್ಥೆಗಳ ಖರ್ಚಿನ ವಿವರವನ್ನು ಒಂದೇ ಮಾದರಿಯಲ್ಲಿ ಕೊಡುತ್ತದೆ. ಒಳ್ಳೆಯ ಕೆಲಸವೇ. ಆದರೆ ಆ ದತ್ತಾಂಶ ಕಂಪ್ಯೂಟರಿಗೆ ಓದಲು ಸುಲಭ, ಹಳ್ಳಿಯ ಆರೋಗ್ಯ ಸಮಿತಿಗೆ ಕಷ್ಟ. ಅದು ಗೋಡೆಯ ಚೀಟಿಯಾಗಿ, ಆ ಊರಿನ ಭಾಷೆಯಲ್ಲಿ, ಆ ಊರಿನ ಹೆಸರಿನ ಜೊತೆ ಬರಬೇಕು. ಸಂಸದರ ಕ್ಷೇತ್ರದ ಕಚೇರಿಗಳು, ಸ್ಥಳೀಯ ಪತ್ರಕರ್ತರು, ಸಂಘಗಳು ಮಾಡಬಹುದಾದ ಕೆಲಸ ಇದು. ಅದಕ್ಕೂ ಸ್ವಲ್ಪ ಹಣ ಬೇಕು. ನೆರವು ಕಡಿತವಾದಾಗ ಇಂಥ ಕಾವಲು ಕೆಲಸದ ಹಣವೇ ಮೊದಲು ಹೋಗುವ ಭಯವಿದೆ.

ಮುಂದಿನ ಒಪ್ಪಂದಗಳು ಯಾರ ಕಣ್ಣಿಗೆ ಬೀಳುತ್ತವೆ

ನೆರವು ಕಡಿಮೆಯಾದಂತೆ ಎರಡು ಬದಲಾವಣೆ ಆಗುತ್ತಿವೆ. ಒಂದು, ಅನುದಾನದ ಜಾಗಕ್ಕೆ ಸಾಲ ಬರುತ್ತಿದೆ. ಸಾಲ ತೀರಿಸುವವರು ಮುಂದಿನ ಪೀಳಿಗೆಯವರು. ಹಾಗಾಗಿ ಷರತ್ತುಗಳು ಬಹಿರಂಗವಾಗುವುದು ಇನ್ನೂ ಮುಖ್ಯ. ಚೀನಾದ ಸರ್ಕಾರಿ ಸಾಲದಾತರು 24 ದೇಶಗಳ ಜೊತೆ ಮಾಡಿಕೊಂಡ 100 ಒಪ್ಪಂದಗಳನ್ನು 2021ರಲ್ಲಿ ಸಂಶೋಧಕರು ಪರಿಶೀಲಿಸಿದರು. ವಿವರ ಗುಟ್ಟಾಗಿಡಬೇಕೆಂಬ ಷರತ್ತು ಅವುಗಳಲ್ಲಿ ವ್ಯಾಪಕವಾಗಿತ್ತು. ಮೊಜಾಂಬಿಕ್ ಪ್ರಕರಣ ನೋಡಿದರೆ ಯುರೋಪಿನ ಬ್ಯಾಂಕುಗಳೂ ಇದರಲ್ಲಿ ಹಿಂದೆ ಬಿದ್ದಿಲ್ಲ. ಸಂಸತ್ತಿನ ಮುಂದೆ ಇಡದ ಸಾಲಕ್ಕೆ ದೇಶ ಹೊಣೆಯಲ್ಲ ಎಂದು ಸಾಲ ಪಡೆಯುವ ದೇಶದ ಕಾನೂನೂ, ಸಾಲ ಕೊಡುವ ಬ್ಯಾಂಕು ಇರುವ ದೇಶದ ಕಾನೂನೂ ಒಟ್ಟಿಗೆ ಹೇಳಿದರೆ ಗುಟ್ಟಿನ ಷರತ್ತಿಗೆ ಬೆಲೆ ಇರುವುದಿಲ್ಲ.

ಎರಡನೆಯದು, ದೊಡ್ಡ ಸಂಸ್ಥೆಗಳ ಮೂಲಕ ಹೋಗುತ್ತಿದ್ದ ಅಮೆರಿಕದ ಆರೋಗ್ಯ ನೆರವು ಈಗ ಸರ್ಕಾರ ಸರ್ಕಾರಗಳ ನಡುವಿನ ನೇರ ಒಪ್ಪಂದವಾಗುತ್ತಿದೆ. ನೆರವು ಪಡೆಯುವ ದೇಶದ ಸರ್ಕಾರಕ್ಕೆ ಜವಾಬ್ದಾರಿ ಬರುವುದು ಒಳ್ಳೆಯದೇ. ಆದರೆ ಆ ದೇಶದ ಸಂಸತ್ತು ಒಳಗಿದೆಯೇ, ಹೊರಗಿದೆಯೇ? 2025ರ ಡಿಸೆಂಬರ್‌ನಲ್ಲಿ ಕೀನ್ಯಾ ಇಂಥ ಐದು ವರ್ಷದ ಒಪ್ಪಂದಕ್ಕೆ ಸಹಿ ಹಾಕಿತು. ಅಮೆರಿಕದ ಪಾಲು 160 ಕೋಟಿ ಡಾಲರ್, ಕೀನ್ಯಾದ್ದು 85 ಕೋಟಿ ಡಾಲರ್. ಜನರ ಆರೋಗ್ಯ ಮಾಹಿತಿ ಹಂಚಿಕೊಳ್ಳುವ ಷರತ್ತೂ ಅದರಲ್ಲಿತ್ತು. ಗ್ರಾಹಕರ ಸಂಘಟನೆಯೊಂದು ಕೋರ್ಟಿಗೆ ಹೋಯಿತು. ಸಂಸತ್ತನ್ನು ಕೇಳದೆ ಇಂಥ ಬದ್ಧತೆಗೆ ಒಳಗಾಗುವಂತಿಲ್ಲ ಎಂದು ಅಲ್ಲಿನ ಒಬ್ಬ ಸೆನೆಟರ್ ಕೂಡ ಅರ್ಜಿ ಹಾಕಿದರು. ಸಹಿ ಬಿದ್ದು ಕೆಲವೇ ದಿನಗಳಲ್ಲಿ ಹೈಕೋರ್ಟು ಮಾಹಿತಿ ಹಂಚಿಕೆಯ ಭಾಗಕ್ಕೆ ತಾತ್ಕಾಲಿಕ ತಡೆ ಕೊಟ್ಟಿತು.

ಮೊಜಾಂಬಿಕ್‌ನಲ್ಲಿ ಆರು ವರ್ಷ ಹಿಡಿದದ್ದು ಇಲ್ಲಿ ಕೆಲವು ದಿನಗಳಲ್ಲಿ ಆಯಿತು. ಒಪ್ಪಂದದ ಸುದ್ದಿ ಆಗಲೇ ಬಹಿರಂಗವಾಗಿತ್ತು. ಮಾಹಿತಿ ಕೇಳುವ ಹಕ್ಕು ಕೀನ್ಯಾದ ಸಂವಿಧಾನದಲ್ಲೇ ಇದೆ. ಪ್ರಶ್ನೆ ಕೇಳಲು ಸಿದ್ಧರಿದ್ದ ಒಂದು ಸಂಘಟನೆ, ಒಬ್ಬ ಸೆನೆಟರ್ ಇದ್ದರು. ಆದರೂ ಅವರು ಕೇಳಿದ್ದು ಸಹಿಯಾದ ನಂತರ. ಕೀನ್ಯಾದ ಹಾಗೆಯೇ ಆಫ್ರಿಕಾದ ಇತರ ದೇಶಗಳೂ ಅಮೆರಿಕದ ಜೊತೆ ಇಂಥವೇ ಆರೋಗ್ಯ ಒಪ್ಪಂದಗಳಿಗೆ ಕೂತಿವೆ. ಕರಡು ಪ್ರತಿ ಆಯಾ ದೇಶದ ಸಂಸತ್ತಿನ ಆರೋಗ್ಯ ಸಮಿತಿಯ ಮೇಜಿಗೆ ಬರುತ್ತದೆಯೇ, ಬಂದರೆ ಸಹಿಗೆ ಎಷ್ಟು ದಿನ ಮುಂಚೆ ಬರುತ್ತದೆ ಎಂದು ಅಲ್ಲಿನ ಸಂಸದರು ಈಗಲೇ ಕೇಳಬೇಕಾಗಿದೆ.